ಕಂಪ್ಯೂಟರಿನಲ್ಲಿ ಪಲ್ಟಿಯಾದ ಜೀಪು

ಕಲಬುರಗಿಯ ಮಂದಿ ಜೀಪಿನಲ್ಲಿ ಕೂಡಲಿ, ಟೆಂಪೋದಲ್ಲಿ ಕೂಡಲಿ, ಆಟೊದಲ್ಲಿ ಕೂಡಲಿ, ಒಂದು ಲೆಕ್ಕದಲ್ಲಿ ಅವರೆಲ್ಲ ಕೂತದ್ದು ಇಮಾಮುದ್ದೀನನ ಮೇಲೆ. ಊರಿನ ದೊಡ್ಡ ಮಾರುಕಟ್ಟೆಯಾದ ಗಂಜಿನ ಹತ್ತಿರ ಅವನದೊಂದು ಕುಶನ್ ಅಂಗಡಿ ಇತ್ತು. ಯಾರ ಗಾಡಿಯ ಸೀಟು ಹರಿದರೂ ಅವನ ದಬ್ಬಣವೇ ಗತಿ. ಮೀಸೆ ಚಿಗುರಿದ ದಿನದಿಂದ ಮೀಸೆ ಹಣ್ಣಾಗುವ ತನಕ ಮಂದಿ ಕೂಡುವ ಪರಿಯನ್ನೇ ನೋಡುತ್ತ ಬಂದ ಅವನು, ಕೊನೆಗೊಂದು ಸಿದ್ಧಾಂತಕ್ಕೆ ತಲುಪಿದ್ದ: ಗಾಡಿ ಎಂದರೆ ಸೀಟು; ಇಂಜಿನ್ನು, ಚಕ್ರ, ಸ್ಟೇರಿಂಗು ಇತ್ಯಾದಿಗಳು ಆ ಸೀಟನ್ನು ಊರಿಂದ ಊರಿಗೆ ಒಯ್ಯಲು ಮಾಡಿದ ಏರ್ಪಾಟು.

ಹೀಗಾಗಿ ಮಗಳು ನಜ್ಮಾಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಾಗ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಸೀಟು ಮಾಡುವವನ ಮಗಳಿಗೆ ಸೀಟು ಸಿಗದೆ ಇನ್ನಾರಿಗೆ ಸಿಗಬೇಕು? ಅದೂ ಮೆಕ್ಯಾನಿಕಲ್. ಇಡೀ ಕ್ಲಾಸಿಗೆ ಒಬ್ಬಳೇ ಹುಡುಗಿ. ಅವರ ಮನೆ ಇದ್ದ ಕೋಟನೂರಿನ ಓಣಿಯಲ್ಲಿ ಯಾರ ಮನೆಯ ಹೊಲಿಗೆ ಮಷೀನು ಕೆಟ್ಟರೂ ಅವಳೇ ಬಿಚ್ಚುತ್ತಿದ್ದಳು, ಅವಳೇ ಕೂಡಿಸುತ್ತಿದ್ದಳು. ಕೂಡಿಸಿದ ಮೇಲೆ ಒಂದು ಸ್ಕ್ರೂ ಕೂಡ ಹೆಚ್ಚಿಗೆ ಉಳಿಯುತ್ತಿರಲಿಲ್ಲ. ಓಣಿಗೆ ಓಣಿಯೇ ಬೆರಗಾಗಿದ್ದು ಆ ಕೊನೆಯ ಸಂಗತಿಗೆ.

ಅದು ತೊಂಬತ್ತೊಂಬತ್ತನೇ ಇಸವಿ. ಕಡೆಯ ವರ್ಷದ ಪ್ರಾಜೆಕ್ಟು ಏನೆಂದು ಇಮಾಮುದ್ದೀನ್ ಕೇಳಿದ.

"ಜೀಪಿನ ಸಸ್ಪೆನ್ಶನ್ ಕಂಪ್ಯೂಟರ್‌ದಾಗ ಕಟ್ಟಾಕತ್ತೀನಿ, ಅಬ್ಬಾ."

"ಸೀಟ್ ಏನು?"

"ಸೀಟಲ್ಲ. ಚಕ್ರಕ್ಕೂ ಜೀಪಿನ ಮೈಗೂ ನಡುವ ಪಾಟಾ ಇರ್ತಾವಲ್ಲ..."

"ಗೊತ್ತದ ಬೇಟಾ. ಬಿಲ್ಲಿನಂಗ ಬಗ್ಗಿದ ಕಬ್ಬಿಣದ ಪಟ್ಟಿ, ಒಂದರ ಮ್ಯಾಲ ಒಂದು. ಅವು ಸುಮಾರ ಇದ್ದು ಸೀಟು ಹರೀತಾವಂತನೇ ಮಂದಿ ನನ್ನ ಹಂತ್ಯಾಕ ಬರ್ತಾರ."

"ಹಾಂ, ಅವೇ. ಅವು ಎಷ್ಟು ಭಾರಕ್ಕ ಎಷ್ಟು ತಗ್ಗತಾವ ಅನ್ನೋ ಲೆಕ್ಕ ಕಂಪ್ಯೂಟರಿಗೆ ಹೇಳಿಕೊಟ್ರ, ತಿರುವಿನಾಗ ಜೀಪ್ ಎಷ್ಟು ವಾಲ್ತದ, ಯಾವ ಸ್ಪೀಡಿಗೆ ತಡೀತದ, ಎಲ್ಲಾ ಕುಂತಲ್ಲೇ ನೋಡಬಹುದು."

"ಡೀಸೆಲ್?"

"ಬೇಕಿಲ್ಲ."

ಇಮಾಮುದ್ದೀನ್ ಟೋಪಿ ತೆಗೆದು ತಲೆ ಸವರಿಕೊಂಡ. ಜೀಪು ಒಳಗೆ ಓಡುತ್ತದೆ, ಡೀಸೆಲ್ ಹೊರಗೆ ಉಳಿಯುತ್ತದೆ! ಇಂಥದ್ದನ್ನು ಒಬ್ಬನೇ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಸಾಮಾನ್ಯ ಮನುಷ್ಯನಿಂದ ಆಗುವ ಮಾತಲ್ಲ. ಇಮಾಮುದ್ದೀನ್ ಬಹಳ ಸಾಮಾನ್ಯ ಮನುಷ್ಯ.

ಜೀಪು ಯಾರದ್ದು ಎನ್ನುವ ಪ್ರಶ್ನೆಯೇ ಬರಲಿಲ್ಲ. ಮಗ್ಗುಲ ಮನೆಯ ಭಾಗಪ್ಪ ಕಲಬುರಗಿಯಿಂದ ಕಮಲಾಪುರಕ್ಕೆ ದಿನಾ ಜೀಪು ಹೊಡೆಯುತ್ತಿದ್ದ. ಹೋಗುವಾಗ ಮಂದಿ, ಬರುವಾಗ ಮಂದಿ ಮತ್ತು ಕಮಲಾಪುರದ ಕೆಂಪು ಬಾಳೆಗೊನೆ. ಭಾನುವಾರ ನಜ್ಮಾ ಟೇಪು ಹಿಡಿದು ಜೀಪಿನ ಕೆಳಗೆ ನುಸುಳಿದಳು. ಭಾಗಪ್ಪನ ಹೆಂಡತಿ ಚಂದಮ್ಮ ಕಟ್ಟೆಯ ಮೇಲೆ ಕೂತು ಹೊರಗೆ ಕಾಣುವ ಎರಡು ಪಾದಗಳ ಜೊತೆ ಮಾತಾಡಿದಳು.

"ಯವ್ವಾ ನಜ್ಮಾ, ಎಣ್ಣಿ ಬೀಳತದ, ಓಡ್ನಿ ಜ್ವಾಕಿ."

"ಇರ್ಲಿ ಕಾಕೂ," ಎಂದವು ಪಾದಗಳು. "ಭಾಗಪ್ಪ ಕಾಕಾ, ಜೀಪಿನಾಗ ಎಷ್ಟು ಮಂದಿ ಕೂಡ್ತಾರ?"

ಭಾಗಪ್ಪ ಆಚೀಚೆ ನೋಡಿದ. "ಪುಸ್ತಕದಾಗಿಂದು ಹೇಳ್ಲೋ, ಖರೇದು ಹೇಳ್ಲೋ?"

"ಖರೇದು."

"ಒಳಗ ಉಸಿರು ಹಿಡಿಯೋ ತನಕ. ಹಿಂದ ಕೈ ಹಿಡಿಯೋ ತನಕ. ಮ್ಯಾಲ ಬಾಳಿಗೊನಿ. ಗೊನಿ ಮ್ಯಾಲ ಗೊನಿ ಮಾಲಕ."

ನಜ್ಮಾ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಂಡಳು. ಮಂದಿ ಸುಳ್ಳು ಹೇಳಬಹುದು, ಪಾಟಾ ಹೇಳುವುದಿಲ್ಲ ಎನ್ನುವುದು ಅವಳ ನಂಬಿಕೆ.

ಎಡವಟ್ಟು ಆದದ್ದು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ. ಆ ಕಾಲದ ಕಂಪ್ಯೂಟರುಗಳು ಬಹಳ ಮಡಿವಂತರು. ಚಪ್ಪಲಿ ಹೊರಗೆ ಬಿಡಬೇಕು, ಧೂಳು ಒಳಗೆ ಬರಬಾರದು, ಮೆಲ್ಲಗೆ ಮಾತಾಡಬೇಕು. ಊರೆಲ್ಲ ಬೇಸಿಗೆಯಲ್ಲಿ ಬೇಯುತ್ತಿದ್ದರೆ ಆ ಕೋಣೆಯಲ್ಲಿ ಮಾತ್ರ ಎ.ಸಿ. ಮಗಳ ಕೆಲಸ ನೋಡಲು ಹೋದ ಇಮಾಮುದ್ದೀನ್ ಚಪ್ಪಲಿ ಬಿಟ್ಟ, ತಣ್ಣನೆಯ ಗಾಳಿಗೆ ಕೈ ತಾನಾಗಿ ಎದೆಗೆ ಹೋಯಿತು, ತಲೆ ತಾನಾಗಿ ಬಾಗಿತು. ಪರದೆಯ ಮೇಲೆ ಗೆರೆಗಳ ಒಂದು ಜೀಪು. ಗೆರೆಗಳ ಚಕ್ರ, ಗೆರೆಗಳ ಪಾಟಾ, ಮುಂದೆ ಗೆರೆಗಳದೇ ಒಂದು ತಿರುವು.

"ಇದು ಕಮಲಾಪುರದ ತಿರುವು, ಅಬ್ಬಾ. ಇದು ಭಾಗಪ್ಪ ಕಾಕಾನ ಜೀಪು. ಈಗ ನೋಡ್ರಿ."

ಗೆರೆಯ ಜೀಪು ಓಡಿತು. ತಿರುವಿಗೆ ಬಂತು. ವಾಲಿತು. ಒಂದು ಮಗ್ಗುಲ ಚಕ್ರ ಎತ್ತಿತು. ಆಮೇಲೆ ಅಂಗಾತ ಬಿದ್ದು, ಜಿರಳೆಯ ಹಾಗೆ ನಾಲ್ಕೂ ಚಕ್ರ ಮೇಲೆ ಮಾಡಿತು.

"ಯಾ ಅಲ್ಲಾ! ಭಾಗಪ್ಪಾ!" ಎಂದು ಕೂಗಿದ ಇಮಾಮುದ್ದೀನ್ ಬರಿಗಾಲಲ್ಲೇ ಹೊರಗೋಡಿದ.

"ಅಬ್ಬಾ, ಇದು ಬಸ್ಸನ್ನೂ ಹಿಂದ ಹಾಕೋ ಸ್ಪೀಡಿನಾಗ, ಮ್ಯಾಲ ಗೊನಿ ಹೇರಿದ್ರ ಮಾತ್ರ..." ಎಂದು ನಜ್ಮಾ ಹೇಳಿದ್ದು ಅವನು ಬಿಟ್ಟುಹೋದ ಚಪ್ಪಲಿಗೆ ಮಾತ್ರ ಕೇಳಿಸಿತು.

ಗಂಜಿನ ಚಹಾದಂಗಡಿ ತಲುಪುವ ಹೊತ್ತಿಗೆ ಅವನ ಅಂಗಾಲು ಸುಟ್ಟಿತ್ತು. ಒಂದು ಚಹಾ ಕುಡಿದ. ಯಾರಿಗೂ ಹೇಳಬಾರದೆಂದು ಗಟ್ಟಿ ಮನಸ್ಸು ಮಾಡಿದ. ಆಮೇಲೆ, ಯಾರಿಗೂ ಹೇಳಬೇಡಿರೆಂದು ಅಂಗಡಿಯಲ್ಲಿ ಇದ್ದವರಿಗೆಲ್ಲ ಹೇಳಿದ.

ಗುಟ್ಟು ಎನ್ನುವುದು ಭಾಗಪ್ಪನ ಜೀಪಿಗಿಂತ ಮೊದಲು ಕಮಲಾಪುರ ಮುಟ್ಟಿತು. ಮುಟ್ಟುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿದ್ದವು. ಕಾಲೇಜಿನಲ್ಲಿ ಒಂದು ತಣ್ಣನೆಯ ಖೋಲಿ ಇದೆಯಂತೆ, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಂತೆ, ಯಾವ ಗಾಡಿ ಎಲ್ಲಿ ಪಲ್ಟಿ ಹೊಡೆಯುತ್ತದೆಂದು ಗಾಜಿನೊಳಗೆ ಮೊದಲೇ ತೋರಿಸುತ್ತದಂತೆ, ಭಾಗಪ್ಪನ ಹೆಸರು ಬಂದಿದೆಯಂತೆ.

ಮರುದಿನ ಕಮಲಾಪುರದಲ್ಲಿ ಭಾಗಪ್ಪ "ಕಲಬುರ್ಗಿ, ಕಲಬುರ್ಗಿ!" ಎಂದು ಕೂಗಿದ. ಜೀಪಿನ ಹತ್ತಿರ ಬಂದದ್ದು ಒಂದು ನಾಯಿ, ಅದೂ ಟೈರಿಗಾಗಿ. ದಿನಾ ಅವನ ಜೀಪಿಗೇ ಗೊನೆ ಹೇರುತ್ತಿದ್ದ ಬಾಳೆಹಣ್ಣಿನ ಭೀಮಬಾಯಿ ದೂರದಿಂದಲೇ ಕೈ ಮಾಡಿದಳು.

"ಬ್ಯಾಡಪಾ ಭಾಗಪ್ಪ. ಬಾಳಿ ಕೆಟ್ರ ನಾಳೆ ಬೆಳೀತದ. ಬಾಳೇವು ಕೆಟ್ರ ಎಲ್ಲಿಂದ ತರ್ಲಿ?"

ಅತ್ತ ಕೋಟನೂರಿನ ಇಮಾಮುದ್ದೀನನ ಮನೆ ಮುಂದೆ ಜೀಪುಗಳ ಸಾಲು ನಿಂತಿತು. ಅದೇ ದಾರಿಗೆ ಜೀಪು ಹೊಡೆಯುವ, ಭಾಗಪ್ಪನನ್ನು ಕಂಡರಾಗದ ದೌಲಪ್ಪ ತೆಂಗಿನಕಾಯಿ, ಮಲ್ಲಿಗೆ ಸರ ಹಿಡಿದು ಬಂದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಜ್ಮಾಗೆ ಕೈ ಮುಗಿದ.

"ಯವ್ವಾ, ನನ್ನ ಜೀಪೂ ಒಂದೀಟು ಕಂಪ್ಯೂಟರ್‌ದಾಗ ಹಾಕು. ಆದ್ರ ತಿರುವು ಹಾಕಬ್ಯಾಡ. ಸೀದಾ ರೋಡೇ ಹಾಕು."

"ತಿರುವು ಇಲ್ದ ಏನ್ ಗೊತ್ತಾಗ್ತದ್ರಿ?"

"ಗೊತ್ತಾಗೋದು ಯಾರಿಗೆ ಬೇಕಾಗ್ಯದವ್ವ? ಚಲೋ ಆಗ್ಲಿ ಅಂತಷ್ಟ." ಆಮೇಲೆ ದನಿ ತಗ್ಗಿಸಿದ. "ಹಂಗ, ಭಾಗಪ್ಪನ ಜೀಪ್ ಇನ್ನೊಂದು ಸಲ ಪಲ್ಟಿ ಹೊಡೆಸಾಕ ಬರ್ತದೇನು? ಒಂದು ಸಲ ಆದ್ರ ಮಂದಿ ಮರೀತಾರ."

ಒಬ್ಬ ಹೆಡ್ ಕಾನ್‌ಸ್ಟೇಬಲ್ ಕೂಡ ಬಂದುಹೋದ. ಮುಂದಿನ ತಿಂಗಳ ಪಲ್ಟಿಗಳನ್ನು ಈಗಲೇ ತಿಳಿಸಿದರೆ ಪಂಚನಾಮೆಗಳನ್ನು ನಿಧಾನವಾಗಿ, ಒಳ್ಳೆಯ ಅಕ್ಷರದಲ್ಲಿ ಬರೆದಿಡಬಹುದೆನ್ನುವುದು ಅವನ ವಿನಂತಿ. ಇಷ್ಟು ಕಾಳಜಿಯ ಮನುಷ್ಯನನ್ನು ಚಹಾ ಕುಡಿಸದೆ ಕಳಿಸುವುದು ಹೇಗೆ?

ಎಲ್ಲರಿಗೂ ಚಹಾ ಮಾಡಿ ಮಾಡಿ ಸೋತ ನಜ್ಮಾಳ ತಾಯಿ ಇಕ್ಬಾಲ್ ಬೇಗಂ ಗಂಡನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಮಂದಿ ಸೀಟಿಗೆಲ್ಲಾ ಜಿಪ್ ಹಚ್ಚತೀರಿ. ಜೀಪ್ ಪಲ್ಟಿ ಮಾಡಿಸಿದ ಈ ಬಾಯಿಗೆ ಒಂದು ಹಚ್ಕೋಬಾರ್ದ್ರಿ?"

ಸಂಜೆ ಭಾಗಪ್ಪ ಬಂದ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ಕೂತ. ಬೈದಿದ್ದರೆ ಇಮಾಮುದ್ದೀನನಿಗೆ ಸಮಾಧಾನವಾಗುತ್ತಿತ್ತು. ಭಾಗಪ್ಪ ಬೈಯಲಿಲ್ಲ.

"ಇಮಾಮಣ್ಣ, ಸೀಟ್ ಹರಿದ್ರ ನಿನ್ನ ಹಂತ್ಯಾಕ ಬರ್ತಿದ್ದೆ. ಈಗ ಹೆಸರು ಹರಿದದ. ಹೊಲೀತಿ ಏನು?"

ನಜ್ಮಾ ಹೊರಗೆ ಬಂದು, ನಿಮ್ಮ ಜೀಪು ಗಟ್ಟಿ ಇದೆ ಕಾಕಾ, ಗೊನೆ ಮೇಲೆ ಹೇರದೆ ಕೆಳಗಿಟ್ಟು, ಹದದಲ್ಲಿ ಓಡಿಸಿದರೆ ಅದನ್ನು ಯಾವ ತಿರುವೂ ಬೀಳಿಸಲಾರದು, ಕಂಪ್ಯೂಟರ್ ಹೇಳಿದ್ದೇ ಅದು ಎಂದು ಬಿಡಿಸಿ ಹೇಳಿದಳು.

"ನನಗ ಹೇಳಬ್ಯಾಡವ್ವ. ಕಮಲಾಪುರಕ್ಕ ಹೇಳು."

"ಗುರುವಾರ ಹೇಳ್ತೀನಿ. ಜೀಪ್ ಕೊಟ್ರ."

ಗುರುವಾರ ಅವಳ ಪರೀಕ್ಷೆ. ಹುಬ್ಬಳ್ಳಿ ಕಡೆಯಿಂದ ಬರುವ ಪರೀಕ್ಷಕರು ಗುರುಲಿಂಗಪ್ಪ ಸರ್, ಗಾಜಿನೊಳಗಿನ ಚಿತ್ರವನ್ನು ನಂಬುವವರಲ್ಲ ಎಂದು ಮೊದಲೇ ಹೇಳಿ ಕಳಿಸಿದ್ದರು. ಖರೆ ಜೀಪು ಖರೆ ತಿರುವಿನಲ್ಲಿ ಓಡಬೇಕು, ಕಂಪ್ಯೂಟರಿನ ಲೆಕ್ಕ ಅದಕ್ಕೆ ತಾಳೆಯಾಗಬೇಕು. ಆಗದಿದ್ದರೆ ಪ್ರಾಜೆಕ್ಟು ಫೇಲು, ನಜ್ಮಾಗೆ ಒಂದು ವರ್ಷ ಮಣ್ಣು.

ಭಾಗಪ್ಪ ಮೆಟ್ಟಿಲಿನಿಂದ ಎದ್ದ. "ಕೊಡ್ತೀನಿ. ಆದ್ರ ಮುಂದಿನ ಸೀಟಿನ್ಯಾಗ ನಿಮ್ಮ ಅಬ್ಬಾ ಕೂಡಬೇಕು. ಬೀಳ್ತದಂತ ಹೇಳಿದಾವನೇ ಒಳಗ ಕುಂತದ್ದು ಕಮಲಾಪುರದ ಮಂದಿ ನೋಡಬೇಕು. ಉಳಿದ ಮಂದೀನ್ನೂ ಅವನೇ ತುಂಬಬೇಕು."

ಮಂದಿಯನ್ನು ಸೀಟಿನ ಮೇಲೆ ಕೂಡಿಸುವುದೇ ಜೀವನದ ಉದ್ಯೋಗವಾಗಿದ್ದ ಇಮಾಮುದ್ದೀನನಿಗೆ ಗುರುವಾರಕ್ಕೆ ಉಳಿದ ಎರಡು ದಿನದಲ್ಲಿ ಒಬ್ಬನೂ ಸಿಗಲಿಲ್ಲ. ಒಬ್ಬನಿಗೆ ನೆಗಡಿ, ಒಬ್ಬನಿಗೆ ಬೀಗರು, ಒಬ್ಬನಿಗೆ ಜೀವದ ಮೇಲೆ ಆಸೆ. ಕೊನೆಗೆ ಇಕ್ಬಾಲ್ ಬೇಗಂ "ನನ್ನ ಮಗಳ ಲೆಕ್ಕ ತಪ್ಪೋದಿಲ್ಲ" ಎಂದು ಬುರ್ಖಾ ಹಾಕಿಕೊಂಡು ಹೊರಟಳು. ಅವಳು ಹೊರಟಳೆಂದು ಚಂದಮ್ಮ, ಚಂದಮ್ಮ ಹೊರಟಳೆಂದು ಓಣಿಯ ಹೆಣ್ಣುಮಕ್ಕಳು. ಎಲ್ಲರಿಗಿಂತ ಮೊದಲು ಹತ್ತಿ ಕೂತವನು ದೌಲಪ್ಪ. ಭಾಗಪ್ಪನ ಜೀಪು ಬೀಳುವುದನ್ನು ತೀರಾ ಹತ್ತಿರದಿಂದ ನೋಡುವ ಆಸೆ ಅವನಿಗೆ. ಎಷ್ಟು ಹತ್ತಿರದಿಂದ ಎನ್ನುವುದು ಜೀಪು ಊರು ದಾಟಿದ ಮೇಲೆ ಹೊಳೆಯಿತು. "ನಾ ಇಲ್ಲೇ ಇಳೀತೀನ್ರಿ" ಎಂದ. ಹೆಣ್ಣುಮಕ್ಕಳ ಇಕ್ಕಟ್ಟಿನಲ್ಲಿ ಇಳಿಯಲು ದಾರಿ ಇರಲಿಲ್ಲ.

ಕಮಲಾಪುರದ ತಿರುವಿನಲ್ಲಿ ಜಾತ್ರೆಗಿಂತ ಹೆಚ್ಚು ಮಂದಿ ನೆರೆದಿದ್ದರು, ಎಲ್ಲರೂ ದೂರದಲ್ಲಿ, ಎತ್ತರದಲ್ಲಿ. ತಿರುವು ಎಡಕ್ಕೆ, ಎಡಗಡೆ ಗುಡ್ಡ, ಬಲಗಡೆ ತಗ್ಗು. ಸಫಾರಿ ಸೂಟಿನ ಗುರುಲಿಂಗಪ್ಪ ಸರ್ ದಪ್ಪ ಮನುಷ್ಯರು, ದಪ್ಪ ದನಿ. ನಜ್ಮಾ ಅವರಿಗೆ ತನ್ನ ಉಪಾಯ ತೋರಿಸಿದಳು. ಜೀಪಿನ ಬಲಮಗ್ಗುಲಿಗೆ ಒಂದು ಹಲಗೆ, ಅದಕ್ಕೆ ಎದುರಾಗಿ ಚಕ್ರದ ಅಚ್ಚಿಗೆ ಕಟ್ಟಿದ ಒಂದು ಪೆನ್ಸಿಲು. ಜೀಪು ತಿರುವಿನಲ್ಲಿ ವಾಲಿ ಪಾಟಾ ಎಷ್ಟು ತಗ್ಗುತ್ತದೋ ಅಷ್ಟುದ್ದ ಗೆರೆ ಹಲಗೆಯ ಮೇಲೆ ಬೀಳುತ್ತದೆ. ಸರ್ ಬಗ್ಗಿ ನೋಡಿದರು, ಮತ್ತೆ ಬಗ್ಗಿ ನೋಡಿದರು. "ಇದನ್ನ ಯಾರು ಹೇಳಿಕೊಟ್ರವಾ?"

"ಯಾರೂ ಇಲ್ಲ ಸರ್. ಪೆನ್ಸಿಲ್ ಇತ್ತು."

"ಕಂಪ್ಯೂಟರ್ ಏನ್ ಅಂತದ?"

"ನಲವತ್ತರ ಸ್ಪೀಡಿಗೆ ನಾಲ್ಕು ಬೆರಳು ಗೆರಿ."

ಭಾಗಪ್ಪ ಸ್ಪೀಡಿನ ಮುಳ್ಳನ್ನು ನಲವತ್ತಕ್ಕೆ ತಂದು ತಿರುಗಿಸಿದ. ಧೂಳೆದ್ದಿತು. ಧೂಳು ಕೂತಾಗ ಜೀಪು ನೆಟ್ಟಗೆ ನಿಂತಿತ್ತು. ಗುಡ್ಡದ ಮೇಲಿಂದ ಸೀಟಿ, ಚಪ್ಪಾಳೆ. ಭಾಗಪ್ಪ ಇಳಿದು ಜೀಪಿನ ಬಾನೆಟ್ಟು ಸವರಿದ. ಇಮಾಮುದ್ದೀನ್ ತಾನೇ ಜೀಪನ್ನು ಎತ್ತಿ ತಿರುಗಿಸಿದವನ ಹಾಗೆ ಕೈ ಬೀಸಿದ.

ಹಲಗೆಯ ಮೇಲಿನ ಗೆರೆ ಎರಡೂವರೆ ಬೆರಳು.

"ಜೀಪ್ ಪಾಸಾತು," ಎಂದರು ಗುರುಲಿಂಗಪ್ಪ ಸರ್, ಬೇಸರದಿಂದಲೇ. "ನೀ ಪಾಸಾಗಲಿಲ್ಲವಾ. ಇಷ್ಟು ಫರಕ್ ಬಂದ್ರ ಅದಕ್ಕ ಲೆಕ್ಕ ಅನ್ನಾಂಗಿಲ್ಲ."

ಬೀಸುತ್ತಿದ್ದ ಇಮಾಮುದ್ದೀನನ ಕೈ ಗಾಳಿಯಲ್ಲೇ ನಿಂತಿತು.

ನಜ್ಮಾ ಮಾತ್ರ ಅಳಲಿಲ್ಲ. "ಸರ್, ಇನ್ನೊಂದು ಸಲ ಓಡಸ್ತೀನಿ. ಈ ಸಲ ನಾ ಪಾಟಾ ನೋಡಾಂಗಿಲ್ಲ" ಎಂದಳು. ಜೀಪು ಮತ್ತೆ ಬಂತು. ನಜ್ಮಾ ಗಾಡಿಯನ್ನು ಬಿಟ್ಟು ಗಾಡಿಯೊಳಗಿನ ಮಂದಿಯನ್ನು ನೋಡಿದಳು. ತಿರುವು ಬಂದದ್ದೇ, ಗಾಳಿಗೆ ಜೋಳದ ಹೊಲ ಬಾಗಿದ ಹಾಗೆ, ಮುಂದಿನ ಸೀಟಿನಿಂದ ಹಿಂದೆ ಜೋತುಬಿದ್ದವರ ತನಕ ಎಲ್ಲ ತಲೆಗಳೂ ಒಟ್ಟಿಗೆ ಗುಡ್ಡದ ಕಡೆ ವಾಲಿದವು. ತಿರುವು ಮುಗಿದದ್ದೇ ಒಟ್ಟಿಗೆ ಎದ್ದವು. ಹಲಗೆಯ ಮೇಲೆ ಮತ್ತೆ ಎರಡೂವರೆ ಬೆರಳಿನ ಗೆರೆ.

"ಅಬ್ಬಾ! ನೀವೆಲ್ಲಾ ವಾಲಿದ್ರಿ?"

"ನಾವಾ? ಇಲ್ಲವ್ವ," ಎಂದ ಇಮಾಮುದ್ದೀನ್ ಪ್ರಾಮಾಣಿಕವಾಗಿ.

"ವಾಲದೇ ಮತ್ತ?" ಎಂದಳು ಚಂದಮ್ಮ. "ಈ ತಿರುವಿನಾಗ ಗುಡ್ಡದ ಕಡಿ ವಾಲದಿದ್ರ ಜೀಪ್ ತಿರುಗೋದು ಹ್ಯಾಂಗ? ನಮ್ಮತ್ತಿ ವಾಲ್ತಿದ್ಳು, ನಾ ವಾಲ್ತೀನಿ. ಸಣ್ಣ ಕೂಸು ಮಡಿಲಾಗ ಇದ್ರ ಅದನ್ನೂ ವಾಲಸ್ತೀವಿ."

ಭಾಗಪ್ಪನ ಮುಖ ಸಣ್ಣಗಾಯಿತು. "ಇಷ್ಟು ದಿನ ಜೀಪ್ ನಾ ತಿರುಗಸ್ತೀನಿ ಅಂತ ತಿಳಿದಿದ್ದೆ."

"ಸರ್," ಎಂದಳು ನಜ್ಮಾ, "ಕಂಪ್ಯೂಟರ್‌ದಾಗ ನಾ ಇವ್ರನ್ನ ಜ್ವಾಳದ ಚೀಲಾ ಇಟ್ಟಂಗ ಇಟ್ಟೀನಿ. ಇವ್ರು ಚೀಲಾ ಅಲ್ಲ. ಭಾರ ಒಳಗ ಸರಿದ್ರ ಬಲಗಡಿ ಪಾಟಾ ಕಡಿಮಿ ತಗ್ಗತದ."

ಸರ್ ಒಪ್ಪಲಿಲ್ಲ. ಮನುಷ್ಯರು ಮನಸ್ಸು ಮಾಡಿದರೆ ನೆಟ್ಟಗೆ ಕೂಡಬಹುದೆನ್ನುವುದು ಅವರ ವಾದ. "ಶಿಸ್ತು ಇಲ್ಲ ನಿಮಗ! ಮೂರನೇ ಸಲ ನಾ ಬರ್ತೀನಿ ಒಳಗ. ಯಾರು ವಾಲ್ತಾರ ನೋಡ್ತೀನಿ" ಎಂದು ಮುಂದಿನ ಸೀಟಿಗೆ ನಡೆದರು. ಇಮಾಮುದ್ದೀನ್ ಮರ್ಯಾದೆಯಿಂದ ಎಡಗಡೆಯ ಅಂಚಿಗೆ ಸರಿದು, ಸರ್ ಅವರನ್ನು ತನಗೂ ಭಾಗಪ್ಪನಿಗೂ ನಡುವೆ ಕೂಡಿಸಿಕೊಂಡ. ದೊಡ್ಡ ಸಾಹೇಬರೇ ಹತ್ತಿದರೆಂದು ನೋಡಿದ ಭೀಮಬಾಯಿ ಬಾಳೆಗೊನೆ ಹಿಡಿದು ಓಡಿ ಬಂದಳು. ನಜ್ಮಾ ಗೊನೆಯನ್ನು ಮೇಲೆ ಹಾಕಗೊಡದೆ ಕೆಳಗೆ ಇಡಿಸಿ, ಗೊನೆ ಎಲ್ಲಿದೆ, ಭೀಮಬಾಯಿ ಎಲ್ಲಿದ್ದಾಳೆ ಎಂದು ಬರೆದುಕೊಂಡಳು. ಭೀಮಬಾಯಿಯೇ ಹತ್ತಿದ್ದನ್ನು ನೋಡಿ ಕಮಲಾಪುರದ ಉಳಿದವರು "ಮುಂದಿನ ಪಾಳಿ ನಮ್ದು!" ಎಂದು ಭಾಗಪ್ಪನಿಗೆ ಕೂಗಿ ಹೇಳಿದರು.

"ಸೀದಾ ಕೂಡ್ರಿ!" ಎಂದು ಸರ್ ಗುಡುಗಿದ್ದು ಗುಡ್ಡಕ್ಕೆ ಬಡಿದು ಬಂತು. ಜೀಪು ತಿರುವು ದಾಟಿತು. ಈ ಸಲದ ಗೆರೆ ಮೊದಲಿನ ಎರಡಕ್ಕಿಂತಲೂ ಗಿಡ್ಡ.

"ನೋಡ್ರಿ ಸರ್, ಮತ್ತ ವಾಲ್ಯಾರ," ಎಂದಳು ನಜ್ಮಾ.

"ಹಿಂದಿನವ್ರು ವಾಲಿರಬೇಕು," ಎಂದರು ಸರ್, ಕಾಲರು ಸರಿಮಾಡಿಕೊಳ್ಳುತ್ತ.

ವಾಲಿದ್ದನ್ನೂ ಲೆಕ್ಕಕ್ಕೆ ಹಾಕಿ ತೋರಿಸುತ್ತೇನೆಂದು ನಜ್ಮಾ ಹೇಳಿದ್ದಕ್ಕೆ, ಅದೇ ಜೀಪಿನಲ್ಲಿ ಎಲ್ಲರೂ ಕಾಲೇಜಿಗೆ ಬಂದರು. ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿತ್ತು. ನಜ್ಮಾ ಸ್ಟೂಲುಗಳನ್ನು ಜೀಪಿನ ಸೀಟುಗಳ ಹಾಗೆ ಸಾಲಾಗಿಟ್ಟಳು. ಜೀಪಿನಲ್ಲಿ ಯಾರು ಎಲ್ಲಿದ್ದರೋ ಅಲ್ಲೇ ಕೂಡಿಸಿದಳು; ಸರ್ ಅವರ ಸ್ಟೂಲು ಮಾತ್ರ ಖಾಲಿ ಉಳಿಯಿತು. ಹಿಂದೆ ಜೋತುಬಿದ್ದವರು ಕಪಾಟು ಹಿಡಿದು ನಿಂತರು. "ತಿರುವು ಬಂತ್ರೀ!" ಎಂದು ಕೂಗಿದಳು. ಎಲ್ಲರೂ ಒಟ್ಟಿಗೆ ಎಡಕ್ಕೆ ವಾಲಿದರು. "ಹಂಗೇ ಇರ್ರಿ!" ಎಂದು ಟೇಪು ಹಿಡಿದು ಒಬ್ಬೊಬ್ಬರ ವಾಲಿಕೆ ಅಳೆಯತೊಡಗಿದಳು. ಬಾಗಿಲು ತೆಗೆದ ಪ್ರಿನ್ಸಿಪಾಲರು, ಎ.ಸಿ. ಕೋಣೆಯಲ್ಲಿ ಒಂದು ಓಣಿಯೇ ಸ್ಟೂಲುಗಳ ಮೇಲೆ ಎಡಕ್ಕೆ ಬಾಗಿ ಉಸಿರು ಹಿಡಿದದ್ದನ್ನು ಕಂಡು, ಪರೀಕ್ಷೆ ನಡೆದಿದೆ ಎಂದು ತಾವೇ ಹೇಳಿಕೊಂಡು ಬಾಗಿಲು ಮುಚ್ಚಿದರು.

"ಲಗೂ ಅಳೀ ಯವ್ವಾ, ಸೊಂಟ ಹಿಡೀತು," ಎಂದ ದೌಲಪ್ಪ.

"ನೀ ಜೀಪಿನಾಗ ಇದಕ್ಕಿಂತ ಜಾಸ್ತಿ ವಾಲಿದ್ದೀ," ಎಂದಳು ಚಂದಮ್ಮ. "ನನ್ನ ಸೆರಗು ಹಿಡಿದು ವಾಲಿದ್ದೀ. ಖರೇದ ತೋರಸು."

ನಜ್ಮಾ ಎಲ್ಲವನ್ನೂ ತುಂಬಿ ಒಂದು ಗುಂಡಿ ಒತ್ತಿದಳು. ಗೆರೆಯ ಜೀಪು ಗೆರೆಯ ತಿರುವಿಗೆ ಬಂತು. ಈ ಸಲ ಅದರೊಳಗಿನ ಚುಕ್ಕೆಗಳೂ ಒಟ್ಟಿಗೆ ಸರಿದವು. ಕಂಪ್ಯೂಟರ್ ಹೇಳಿತು: ಎರಡೂವರೆ ಬೆರಳು. ಮೊದಲ ಗೆರೆ ತಾಳೆಯಾಯಿತು. ಎರಡನೆಯದೂ ತಾಳೆಯಾಯಿತು. ಗುರುಲಿಂಗಪ್ಪ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಶಾಭಾಸ್" ಎನ್ನುವ ಮಾತು ಅವರ ತುಟಿಯ ತನಕ ಬಂದಿತ್ತು.

"ಮೂರನೇದು ತಾಳೆ ಆಗವಲ್ದು ಸರ್," ಎಂದಳು ನಜ್ಮಾ.

ಇಕ್ಬಾಲ್ ಬೇಗಂ ಮಗಳನ್ನು ಕಣ್ಣಲ್ಲೇ ಗದರಿಸಿದಳು. ಎರಡು ಸರಿ ಬಂದ ಮೇಲೆ ಮೂರನೆಯದನ್ನು ಕೆದಕುವುದುಂಟೆ? ಆದರೆ ನಜ್ಮಾ ಸ್ಕ್ರೂ ಉಳಿಸುವವಳಲ್ಲ.

"ಭೀಮಬಾಯಿ ಕಾಕೂನ್ನ ಹಾಕೀನಿ, ಗೊನಿ ಹಾಕೀನಿ. ಆದ್ರೂ ಕಂಪ್ಯೂಟರಿನ ಗೆರಿ ಉದ್ದ ಬರ್ತದ, ಹಲಗಿ ಮ್ಯಾಲಿಂದು ಗಿಡ್ಡ ಅದ. ಕೂಡಬೇಕಂದ್ರ ಇನ್ನೊಬ್ರು ವಾಲಿರಬೇಕು. ಮುಂದಿನ ಸೀಟಿನ ನಡುವ ಕುಂತವ್ರು. ಭಾಳ ಭಾರ ಇದ್ದವ್ರು."

ಕೋಣೆ ಇನ್ನಷ್ಟು ತಣ್ಣಗಾಯಿತು. ಎಲ್ಲರೂ ಕಂಪ್ಯೂಟರಿನ ಕಡೆ ನೋಡಿದರು. ಸರ್ ಅವರ ಕಡೆ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

"ನಾ ಸೀದಾ ಕುಂತಿದ್ದೆ," ಎಂದರು ಸರ್. "ಆದ್ರ... ತಿರುವು ದೂಡಿರಬಹುದು."

"ತಿರುವು ದೂಡಿದ್ರ ಬಲಕ್ಕ, ಭಾಗಪ್ಪ ಕಾಕಾನ ಮ್ಯಾಲ ಬೀಳಬೇಕಿತ್ತು ಸರ್," ಎಂದಳು ನಜ್ಮಾ, ಬಹಳ ಮೆಲ್ಲಗೆ, ಬಹಳ ಮರ್ಯಾದೆಯಿಂದ. "ಕಂಪ್ಯೂಟರ್ ಎಡಕ್ಕ ಅನ್ನಾಕತ್ತದ."

ಆಗ ಇಮಾಮುದ್ದೀನ್ ಕೆಮ್ಮಿದ. ಮಗಳ ಒಂದು ವರ್ಷ ಒಂದು ಕಡೆ, ದೊಡ್ಡವರ ಮರ್ಯಾದೆ ಒಂದು ಕಡೆ.

"ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ಯಾರಿಗೂ ಹೇಳಬಾರ್ದಂತ ಮಾಡಿದ್ದೆ. ತಿರುವಿನಾಗ ನಿಮ್ಮ ತಲಿ ನನ್ನ ತೊಡಿ ಮ್ಯಾಲ ಇತ್ರಿ. 'ಯಪ್ಪಾ ಶರಣಬಸಪ್ಪಾ' ಅಂದ್ರಿ. ನಾನೂ ಆಮೀನ್ ಅಂದೆ."

ಸರ್ ಪರದೆಯನ್ನು ನೋಡಿದರು. ಹಲಗೆಯ ಮೇಲಿನ ಗಿಡ್ಡ ಗೆರೆಯನ್ನು ನೋಡಿದರು. ಜೀಪಿನೊಳಗೆ ಕಾಲೇ ಇಡದೆ, ಯಾರು ಯಾವ ಕಡೆ ಎಷ್ಟು ವಾಲಿದರೆಂದು ಹೇಳಿದ ಹುಡುಗಿಯನ್ನು ನೋಡಿದರು. ಆಮೇಲೆ ಮುಂದೆ ಬಂದು, ನಡುವಿನ ಖಾಲಿ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಸಫಾರಿ ಸೂಟಿನ ಸಮೇತ ಇಮಾಮುದ್ದೀನನ ತೊಡೆಯ ಮೇಲೆ ಪೂರ್ತಿ ಒರಗಿದರು.

"ಇಷ್ಟು ವಾಲಿದ್ದೆ," ಎಂದರು. "ಅಳದು ಹಾಕವಾ. ಒಂದು ಬೆರಳೂ ಬಿಡಬ್ಯಾಡ."